ಎಡಗೈಗೆ ಕಟ್ಟಿದ ಉಕ್ಕು

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೆಲ್ಲಕ್ಕ ಅಂತಲೇ ಕರೆಯುತ್ತಿದ್ದರು. ಅಷ್ಟು ಮೆಲ್ಲಗೆ ಮಾತಾಡುತ್ತಿದ್ದಳು. ಅವಳ ಮಾತು ಕೇಳಬೇಕೆಂದರೆ ಗಿರಾಕಿ ಕೌಂಟರಿನ ಮೇಲೆ ಬಾಗಲೇಬೇಕು. ಬಾಗಿದವನ ಕಣ್ಣು ತಾನಾಗಿಯೇ ಗಾಜಿನೊಳಗಿನ ವಾಚುಗಳ ಮೇಲೆ ಬೀಳುತ್ತಿತ್ತು. "ಇವಳ ಗಂಟಲೇ ನಮ್ಮ ಬಂಡವಾಳ" ಎಂದು ಮಾಲೀಕರು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿದ್ದಳು, ಅದೂ ಸದ್ದಿಲ್ಲದೆ.

ಸ್ಟೀಲೋ ಟೈಟಾನಿಯಮ್ಮೋ ಎಂದು ತೀರ್ಮಾನಕ್ಕೆ ಬಾರದೆ ತೂಗುಯ್ಯಾಲೆ ಆಡುವವರಿಗೆ ಅವಳು ಮೊದಲು ಏನೂ ಹೇಳುತ್ತಿರಲಿಲ್ಲ. ಒಂದೇ ಅಳತೆಯ ಎರಡು ವಾಚು ತೆಗೆದು, ಗಿರಾಕಿಯ ಎರಡು ಅಂಗೈಯಲ್ಲಿ ಒಂದೊಂದು ಇಡುತ್ತಿದ್ದಳು. ಹುಬ್ಬು ಮೇಲೇರುವವರೆಗೆ ಕಾದು, ಆಮೇಲೆ ಬಾಯಿ ಬಿಡುತ್ತಿದ್ದಳು.

"ಭಾರ ಇರೋದು ಸ್ಟೀಲು. ಇನ್ನೊಂದು ಹೆಚ್ಚುಕಮ್ಮಿ ಅದರ ಅರ್ಧ ತೂಕ. ಸ್ಟೀಲಿಗೆ ಹೊಳಪು ಚೆನ್ನ. ಗೀರು ಬಿದ್ರೂ ಪಾಲಿಶ್ ಮಾಡಿದ್ರೆ ಹೊಸದರ ಹಾಗೆ ಆಗುತ್ತೆ. ಆದ್ರೆ ಬೆಳಿಗ್ಗೆ ಕಟ್ಟಿದಾಗ ತಣ್ಣಗೆ ಚುರುಕ್ ಅನ್ನುತ್ತೆ, ಕೆಲವರಿಗೆ ಬೆವರು ಕೂತು ಕೆರೆತ ಬರುತ್ತೆ. ಟೈಟಾನಿಯಂ ಚರ್ಮಕ್ಕೆ ಸಾಧು. ತುಕ್ಕಿಲ್ಲ, ಕೆರೆತ ಇಲ್ಲ, ಕಟ್ಟಿದ್ದೇ ಗೊತ್ತಾಗಲ್ಲ. ಆದ್ರೆ ಬಣ್ಣ ಸ್ವಲ್ಪ ಬೂದಿ. ಗೀರು ಬೇಗ ಕಾಣುತ್ತೆ, ಅದನ್ನ ತೆಗೆಯೋರು ಸಿಗೋದು ಕಷ್ಟ. ಬೆಲೇನೂ ಒಂದು ಕೈ ಮೇಲೆ."

ಕಟ್ಟಡದ ಗುತ್ತಿಗೆದಾರರು, ಲಾರಿ ಮಾಲೀಕರು ಟೈಟಾನಿಯಮ್ಮನ್ನು ಮೂಸಿ ನೋಡಿ ಬಿಟ್ಟುಬಿಡುತ್ತಿದ್ದರು. "ಕೊಟ್ಟ ದುಡ್ಡು ಕೈಗೆ ಗೊತ್ತಾಗ್ಬೇಕಲ್ಲಮ್ಮ!" ದಿನವಿಡೀ ಕಂಪ್ಯೂಟರ್ ಕುಟ್ಟಿ ಮಣಿಕಟ್ಟು ನೋಯುವವರು, ಕೆರೆದು ಕೆರೆದು ಚರ್ಮ ಕಪ್ಪಾದವರು ಹಗುರವಾದದ್ದನ್ನು ಕಟ್ಟಿಕೊಂಡು, ಕೈ ಮೇಲೆ ಕೆಳಗೆ ಆಡಿಸಿ, ಹರಕೆ ತೀರಿದವರಂತೆ ಉಸಿರು ಬಿಡುತ್ತಿದ್ದರು. ಮೆಲ್ಲಕ್ಕ ಯಾರನ್ನೂ ಯಾವುದಕ್ಕೂ ಒತ್ತಾಯಿಸುತ್ತಿರಲಿಲ್ಲ. ಅವಳ ಕೈ ಮಾತ್ರ ಬರಿದು. ವಾಚು ಮಾರುವವಳು ವಾಚು ಕಟ್ಟದಿದ್ದರೆ ಹೇಗೆ ಎಂದು ಮಾಲೀಕರು ಒಮ್ಮೆ ಕೇಳಿದ್ದಕ್ಕೆ, "ಗೋಡೆ ತುಂಬ ಗಡಿಯಾರ ಇವೆಯಲ್ಲ ಸರ್" ಎಂದು ಹಾರಿಸಿಬಿಟ್ಟಿದ್ದಳು.

ನಿಜ ಸಂಗತಿ ಬೇರೆ. ಉಕ್ಕಿನ ಚೈನಿನ ಕೊಂಡಿ ಬಿಚ್ಚುವಾಗ ಆಗುವ 'ಟಕ್' ಎಂಬ ಸದ್ದು ಅಂಗಡಿಯಲ್ಲಿ ಅವಳಿಗೆ ಅಭ್ಯಾಸವಾಗಿತ್ತು. ಮನೆಯೊಳಗೆ ಮಾತ್ರ ಆ ಸದ್ದು ಅವಳಿಗೆ ಆಗುತ್ತಿರಲಿಲ್ಲ.

ಅವಳ ಅಪ್ಪ ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಬೀದಿಯವರ ಬಾಯಲ್ಲಿ ಫೋರ್‌ಮನ್ನೇ. ಆ ಹುದ್ದೆ ಸಿಕ್ಕ ತಿಂಗಳು ಒಂದು ದಪ್ಪ ಉಕ್ಕಿನ ವಾಚು ಕೊಂಡಿದ್ದರು. ಹೆಬ್ಬೆರಳಿನಷ್ಟು ಅಗಲದ ಚೈನು, ಅಂಚು ಎದ್ದ ದುಂಡು ಮುಖ. ಭಾನುವಾರ ಬೆಳಿಗ್ಗೆ ಮೆತ್ತನೆ ಬಟ್ಟೆಗೆ ಹಲ್ಲಿನ ಪೇಸ್ಟು ಹಚ್ಚಿ ಅದನ್ನು ಉಜ್ಜುತ್ತಾ ಕೂರುವಾಗ ಮಾತ್ರ ಅವರ ಮುಖ ಸಡಿಲವಾಗುತ್ತಿತ್ತು. ಮಕ್ಕಳು ಏನಾದರೂ ಕೇಳಬೇಕಿದ್ದರೆ ಆ ಹೊತ್ತಿಗೇ ಕಾಯುತ್ತಿದ್ದರು.

ಹೊಡೆಯುವ ಮೊದಲು ಅವರು ವಾಚು ಬಿಚ್ಚುತ್ತಿದ್ದರು. ಅದಕ್ಕೆ ಪೆಟ್ಟು ಬೀಳಬಾರದಲ್ಲ. ಕೊಂಡಿ 'ಟಕ್' ಎನ್ನುತ್ತಿತ್ತು, ವಾಚು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿತ್ತು, ಆಮೇಲೆ ಕೈ ಎದ್ದೇಳುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಅಮ್ಮನಿಗಾಗಲಿ ಮಕ್ಕಳಿಗಾಗಲಿ ಏಟು ಹೇಳದೆ ಕೇಳದೆ ಬಂದದ್ದು ಕಡಿಮೆ. ಸದ್ದು ಕೇಳಿದ ಕೂಡಲೇ ಅಮ್ಮ ಒಲೆ ಆರಿಸುತ್ತಿದ್ದಳು. ಮೆಲ್ಲಕ್ಕ ತಮ್ಮನನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಂದೇ ಒಂದು ಸಲ ಅವರು ಬಿಚ್ಚಲಿಲ್ಲ. ತಮ್ಮನಿಗೆ ಆಗ ಹನ್ನೊಂದು. ಊಟದ ಮೇಜಿನಲ್ಲಿ ಅಪ್ಪನ ಎಡಕ್ಕೆ ಕೂತಿದ್ದ. ಹುಡುಗರ ಕಾಲು ಸುಮ್ಮನಿರುತ್ತದೆಯೇ? ಆಡಿಸುತ್ತಿದ್ದ. ಮೇಜು ಅಲ್ಲಾಡಿ ನೀರಿನ ಲೋಟ ಉರುಳಿತು. ಬಲಗೈಯಲ್ಲಿ ಚಮಚ ಹಿಡಿದಿದ್ದ ಫೋರ್‌ಮನ್ ತಲೆ ಕೂಡ ತಿರುಗಿಸದೆ ಎಡಗೈಯನ್ನು ಹಿಮ್ಮುಖವಾಗಿ ಬೀಸಿದರು. ವಾಚಿನ ಎದ್ದ ಅಂಚು ಹುಡುಗನ ಕಣ್ಣಿಗೇ ಬಡಿಯಿತು.

ಅವನು ಕಿರುಚಿದ. ಫೋರ್‌ಮನ್ ಮೊದಲು ಮಣಿಕಟ್ಟು ತಿರುಗಿಸಿ ವಾಚಿನ ಗಾಜು ನೋಡಿಕೊಂಡರು. ಆಮೇಲೆ ಮಗನನ್ನು ನೋಡಿದರು. ನೋಡಿದವರೇ ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರು, ಅದೂ ಸುಳ್ಳಲ್ಲ. ಅಲ್ಲಿ, ಬಚ್ಚಲಲ್ಲಿ ಜಾರಿ ನಲ್ಲಿಗೆ ಬಡಿದುಕೊಂಡ ಎಂದು ಹೇಳಿದರು. ಡಾಕ್ಟರು ಅಮ್ಮನ ಮುಖ ನೋಡಿದರು. ಅಮ್ಮ ಹೌದೆಂದು ತಲೆಯಾಡಿಸಿದಳು. ಕಣ್ಣು ಉಳಿಯಲಿಲ್ಲ. ವಾಚಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹದಿನೆಂಟು ತುಂಬುತ್ತಲೇ ತಮ್ಮ ಮನೆ ಬಿಟ್ಟ. ಡ್ರೈವರ್ ಆಗಬೇಕೆಂಬ ಆಸೆಯಿತ್ತು, ಒಕ್ಕಣ್ಣಿಗೆ ಲೈಸೆನ್ಸ್ ಸಿಗಲಿಲ್ಲ. ಬೇರೆ ಊರಿನಲ್ಲಿ ಮೀನು, ಮಾಂಸ ಇಡುವ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಹಿಡಿದ. ಅಕ್ಕನಿಗೆ ಮಾತ್ರ ಫೋನ್ ಮಾಡುತ್ತಿದ್ದ, ಅದೂ ಅವಳು ಅಂಗಡಿಯಲ್ಲಿರುವ ಹೊತ್ತಿನಲ್ಲಿ. ಮೆಲ್ಲಕ್ಕನ ಮದುವೆಯ ಮಾತು ಎರಡು ಸಲ ಬಂದು, 'ನೋಡೋಣ' ಎಂಬಲ್ಲಿಗೆ ನಿಂತುಹೋಯಿತು. ಮನೆಯಲ್ಲಿ ಉಳಿದವರು ಮೂವರು.

ಎಪ್ಪತ್ತು ದಾಟಿದ ಮೇಲೆ ಫೋರ್‌ಮನ್ನರಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು. ಕೈಕಾಲು ಮಾತ್ರವಲ್ಲ, ಎಡಕ್ಕೆ ಜಗತ್ತು ಇದೆ ಎಂಬುದನ್ನೇ ಅವರ ತಲೆ ಮರೆತುಬಿಟ್ಟಿತ್ತು. ತಟ್ಟೆಯ ಬಲ ಅರ್ಧ ಮಾತ್ರ ತಿನ್ನುತ್ತಿದ್ದರು. ಎಡಕ್ಕೆ ನಿಂತು ಮಾತಾಡಿದರೆ ಆ ಮಾತು ಎಲ್ಲಿಂದ ಬಂತೆಂದು ಬಲಕ್ಕೆ ಹುಡುಕುತ್ತಿದ್ದರು. "ಮೆದುಳಿಗೆ ಪೆಟ್ಟಾದಾಗ ಕೆಲವರಿಗೆ ಹೀಗಾಗುತ್ತೆ, ಬಲಗಡೆ ನಿಂತೇ ಮಾತಾಡಿ" ಎಂದರು ಡಾಕ್ಟರು. ಮಾತು ಮಾತ್ರ ಹೋಗಿರಲಿಲ್ಲ, ದರ್ಪವೂ ಹೋಗಿರಲಿಲ್ಲ.

ಮನೆಗೆ ಬಂದ ಮೊದಲ ದಿನವೇ ಕೇಳಿದರು. "ನನ್ನ ವಾಚೆಲ್ಲಿ?"

ಮೆಲ್ಲಕ್ಕ ಕಟ್ಟಿದಳು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಈರುಳ್ಳಿ ಸಿಪ್ಪೆಯಂಥ ಚರ್ಮ. ಎರಡನೇ ದಿನಕ್ಕೆ ಚೈನಿನ ಅಡಿಯಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಚರ್ಮ ಸುಲಿದುಬಂತು. ಅವರಿಗೆ ನೋವಿಲ್ಲ, ಆ ಕೈಗೆ ಸ್ಪರ್ಶವೇ ಇಲ್ಲ. ಗಾಯ ಮಾಯುವವರೆಗೆ ವಾಚು ಬೇಡ, ಆಮೇಲೂ ಬಿಗಿಯಾದದ್ದು, ಭಾರದ್ದು ಬೇಡವೇ ಬೇಡ ಎಂದರು ಡಾಕ್ಟರು.

ಗಾಯ ಮಾಯುವಷ್ಟು ಕಾಲವೂ ಮನೆಯಲ್ಲಿ ಒಂದೇ ಕೂಗು. ಕೊನೆಗೆ ಮೆಲ್ಲಕ್ಕ ಅಂಗಡಿಯಿಂದ ಒಂದು ಟೈಟಾನಿಯಂ ವಾಚು ತಂದಳು. ಅದೇ ದುಂಡು ಮುಖ, ಅಷ್ಟೇ ಅಗಲ. ಸಡಿಲ ಮಾಡಿ ಕಟ್ಟಿ, ಅವರಿಗೆ ಕಾಣಲೆಂದು ಆ ಕೈಯನ್ನು ಎತ್ತಿ ಬಲಕ್ಕೆ ತಂದು ತೋರಿಸಿದಳು.

"ಇದೇನಿದು?"

"ವಾಚು ಅಪ್ಪ. ಟೈಟಾನಿಯಂ. ನಿಮ್ಮ ಚರ್ಮಕ್ಕೆ ಒಳ್ಳೇದು. ಒತ್ತಲ್ಲ, ಕೆರೆಯಲ್ಲ."

"ಇದು ವಾಚೋ, ಡಬ್ಬದ ಮುಚ್ಚಳಾನೋ? ನಂಗೇನೂ ಗೊತ್ತಾಗ್ತಿಲ್ಲ. ತೆಗಿ."

"ಗೊತ್ತಾಗದೇ ಇರೋದೇ ಅದರ ಗುಣ ಅಪ್ಪ."

"ನಿನ್ನ ಅಂಗಡಿ ಮಾತು ಅಂಗಡೀಲಿಟ್ಕೋ. ನನ್ನ ಕೈ ಎಲ್ಲಿದೆ? ಕೈ ಎಲ್ಲೋಯ್ತು ಹೇಳು!"

ಆ ಕೂಗಿನಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಮೆಲ್ಲಕ್ಕ ಬಲಕ್ಕೆ ಕುರ್ಚಿ ಎಳೆದುಕೊಂಡು ಕೂತು, ಸಮಾಧಾನವಾಗಿ ಕೇಳಿ ತಿಳಿದುಕೊಂಡಳು. ಕೈಗೆ ಸ್ಪರ್ಶ ಇರಲಿಲ್ಲ, ನಿಜ. ಆದರೆ ಉಕ್ಕಿನ ಭಾರ ಕಟ್ಟಿದಾಗ ತೋಳಿನ ಸಂದಿನಲ್ಲಿ ಒಂದು ಸಣ್ಣ ಎಳೆತ ಅವರಿಗೆ ಗೊತ್ತಾಗುತ್ತಿತ್ತು. ಅದಿದ್ದರೆ ಕೈ ಇದೆ. ಅದಿಲ್ಲದಿದ್ದರೆ, ಹೆಗಲಿನಿಂದಾಚೆಗೆ ಯಾರೋ ಕತ್ತರಿಸಿಕೊಂಡು ಹೋದಂತೆ. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಲ್ಲಿ ಇನ್ನೊಬ್ಬರ ಕೈ ಬಿದ್ದಿದೆ ಎಂದು ಹೆದರಿ ಬಲಗೈಯಿಂದ ಅದನ್ನು ನೂಕಿದ್ದೂ ಉಂಟಂತೆ.

ಅವಳಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ತನ್ನ ಮೇಲೆ ಸಿಟ್ಟೂ ಬಂತು.

ಹೀಗೆ ಒಂದು ಒಪ್ಪಂದವಾಯಿತು. ಸಂಜೆ ಅವಳು ಅಂಗಡಿಯಿಂದ ಬಂದ ಮೇಲೆ, ಕೈಗೆ ಹತ್ತಿಯ ಬಟ್ಟೆ ಸುತ್ತಿ, ಅದರ ಮೇಲೆ ಉಕ್ಕಿನ ವಾಚನ್ನು ಸಡಿಲವಾಗಿ ಕಟ್ಟುವುದು. ಅವಳು ಊಟ ಮುಗಿಸುವವರೆಗೆ ಅದು ಕೈಯಲ್ಲಿ. ಮಿಕ್ಕ ಹೊತ್ತೆಲ್ಲ ಟೈಟಾನಿಯಂ. ಮಂಚದ ಕಂಬಿಗೆ ತಾಗಿ ತಾಗಿ ತಿಂಗಳೊಳಗೆ ಅದರ ಮೈ ತುಂಬ ಗೀರು. "ಬೆಕ್ಕು ಪರಚಿದ ಹಾಗಿದೆ, ನೋಡು ನಿನ್ನ ಟೈಟಾನಿಯಂ!" ಎಂದು ಫೋರ್‌ಮನ್ ಹಂಗಿಸುತ್ತಿದ್ದರು. ಉಕ್ಕಿನ ಕೊಂಡಿ ಬಿಚ್ಚುವಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಅಪ್ಪ ಏಳಲಾರರು ಎಂದು ಅಮ್ಮನ ತಲೆಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾಲೀಕರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದರು. ಹೊಸಬರಿಗೆ ಕೌಂಟರಿನ ಕೆಲಸ ಕಲಿಸಲು ಮೆಲ್ಲಕ್ಕನೇ ಹೋಗಬೇಕಾಯಿತು, ಒಂದು ವಾರದ ಮಟ್ಟಿಗೆ. ಹೊರಡುವ ಮುನ್ನ ಉಕ್ಕಿನ ವಾಚನ್ನು ಕಪಾಟಿನಲ್ಲಿಟ್ಟು ಅಮ್ಮನಿಗೆ ಹೇಳಿದಳು.

"ಇದನ್ನ ಕಟ್ಟಬೇಡಮ್ಮ. ಕೈ ಊದ್ಕೊಳ್ತಾ ಇದೆ. ಎಷ್ಟೇ ಕೂಗಾಡ್ಲಿ, ನಾನು ಬರೋವರೆಗೂ ಬೇಡ."

"ಹೂಂ" ಎಂದಳು ಅಮ್ಮ. ಅವಳು ಯಾರಿಗೂ 'ಇಲ್ಲ' ಎಂದವಳಲ್ಲ.

ವಾರ ಕಳೆದು ಮೆಲ್ಲಕ್ಕ ಹಿಂತಿರುಗಿದಾಗ ಮಧ್ಯಾಹ್ನ. ಬಾಗಿಲು ತೆರೆಯುತ್ತಲೇ ಮೂಗಿಗೆ ವಾಸನೆ ಬಡಿಯಿತು. ಅಮ್ಮ ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಅಪ್ಪ ಜ್ವರದಲ್ಲಿ ಬಡಬಡಿಸುತ್ತಿದ್ದರು. ಹೊದಿಕೆ ಸರಿಸಿದರೆ, ಎಡಗೈ ಬೆರಳುಗಳು ಕಪ್ಪಾಗಿ ಬದನೆಕಾಯಿಯಂತೆ ಊದಿವೆ. ಉಕ್ಕಿನ ಚೈನು ಮಾಂಸದೊಳಕ್ಕೆ ಹೂತುಹೋಗಿದೆ. ಅಡಿಯಲ್ಲಿ ಬಟ್ಟೆ ಇಲ್ಲ.

"ಅಮ್ಮ, ಇದೇನಮ್ಮ?"

"ಕೇಳಿದ್ರು. ಕಟ್ಟಿದೆ."

"ಯಾವಾಗ?"

"ನೀನು ಹೋದ ದಿನ."

"ಬಿಚ್ಚಲೇ ಇಲ್ವಾ? ರಕ್ತ ಬರ್ತಿರೋದು ನೋಡ್ಲಿಲ್ವಾ?"

"ನೋಡ್ದೆ." ಅಮ್ಮ ಕೈಯಲ್ಲಿದ್ದ ಅಂಗಿಯ ತೋಳನ್ನು ಸರಿಯಾಗಿ ಒಳಕ್ಕೆ ಮಡಚಿದಳು. "ರಕ್ತ ಬರ್ತಿದೆ ಅಂತ ಹೇಳ್ದೆ. ಮುಟ್ಟಬೇಡ ಅಂದ್ರು. ಮುಟ್ಲಿಲ್ಲ."

ಮೆಲ್ಲಕ್ಕ ಅವಳ ಮುಖವನ್ನೇ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಸೇಡು ಕೂಡ ಇರಲಿಲ್ಲ. ಬಾಳೆಲ್ಲ ಹೇಳಿದ್ದನ್ನು ಮಾಡಿಕೊಂಡು ಬಂದವಳು ಇನ್ನೊಂದು ಸಲ ಹೇಳಿದ್ದನ್ನು ಮಾಡಿ ಮುಗಿಸಿದ್ದಳು, ಅಷ್ಟೇ.

ಆಸ್ಪತ್ರೆಯಲ್ಲಿ ಕೊಂಡಿ ಬಿಚ್ಚಲು ಆಗಲಿಲ್ಲ. ಅದು ಊತದೊಳಗೆ ಮುಚ್ಚಿಹೋಗಿತ್ತು. ಉಂಗುರ ಕತ್ತರಿಸುವ ಕತ್ತರಿ ದಪ್ಪ ಉಕ್ಕಿಗೆ ಹಿಡಿಯಲಿಲ್ಲ. ಮೆಲ್ಲಕ್ಕ ತನ್ನ ಚೀಲದಿಂದ ಅಂಗಡಿಯ ಸಣ್ಣ ಉಪಕರಣ ತೆಗೆದಳು. ಚೈನು ಚಿಕ್ಕದು ಮಾಡಲು ಕೊಂಡಿಗಳ ನಡುವಿನ ಪಿನ್ನು ತಳ್ಳುವ ಸೂಜಿಯಂಥದ್ದು. ನರ್ಸು ಊತವನ್ನು ಒತ್ತಿ ಹಿಡಿದುಕೊಂಡರು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಾವಿರ ಪಿನ್ನು ತಳ್ಳಿದ ಕೈ ಅದು. ಆದರೂ ಸೂಜಿ ಎರಡು ಸಲ ಜಾರಿ ಮಾಂಸಕ್ಕೆ ಚುಚ್ಚಿತು. ಫೋರ್‌ಮನ್ನರಿಗೆ ಅದು ತಿಳಿಯಲೇ ಇಲ್ಲ. ಅರೆಗಣ್ಣು ತೆರೆದು, ಮಗಳು ವಾಚಿಗೆ ಏನೋ ಮಾಡುತ್ತಿದ್ದಾಳೆಂದು ಮಾತ್ರ ಊಹಿಸಿ, "ಗೀರಬೇಡ ಕಣೇ" ಎಂದರು.

ಪಿನ್ನು ಹೊರಬಂತು. ಚೈನನ್ನು ಎತ್ತಿದಾಗ ಅದರ ಜೊತೆ ಬಂದದ್ದನ್ನು ನರ್ಸು ಬೇಗ ಬಟ್ಟೆಯಿಂದ ಮುಚ್ಚಿದರು. ಮೆಲ್ಲಕ್ಕ ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈಯಿಟ್ಟು ನಿಂತಳು. ಅಂದೇ ಸಂಜೆ ಮೊಣಕೈ ಕೆಳಗಿನವರೆಗೆ ಕೈ ತೆಗೆದರು. ನಂಜು ಅಷ್ಟರಲ್ಲಿ ಮೈಗೆಲ್ಲ ಏರಿತ್ತು.

ಅವಳು ತಮ್ಮನಿಗೆ ಫೋನ್ ಮಾಡಿದಳು. ಬರುತ್ತಾನೆಂದು ಅಂದುಕೊಂಡಿರಲಿಲ್ಲ. ಮರುದಿನ ಬಂದ. ಗೋದಾಮಿನ ದಪ್ಪ ಕೋಟಿನಲ್ಲೇ ಬಂದಿದ್ದ, ವಾರ್ಡಿನ ಸೆಕೆಯಲ್ಲಿ ಬೆವರುತ್ತಿದ್ದ. ಅಮ್ಮನ ಪಕ್ಕ ಬೆಂಚಿನಲ್ಲಿ ಕೂತ. ಅಮ್ಮ ಅವನ ಕೆನ್ನೆ ಮುಟ್ಟಿ, "ಬಡವಾಗಿದೀಯ" ಎಂದಳು.

"ಅಮ್ಮ, ಅಕ್ಕ ಹೇಳಿದ್ಲು. ನೀನೇ ಕಟ್ಟಿದ್ಯಂತೆ."

"ಹೌದು."

"ಬೇಕಂತ ಮಾಡಿದ್ಯಾ?"

ಜೀವನದಲ್ಲಿ ಆ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲವೇನೋ. "ನಂಗೇನು ಬೇಕು ಅಂತ ಆ ಮನೇಲಿ ಯಾವತ್ತು ಯೋಚಿಸಿದೀನಿ ಮಗ? ಗೊತ್ತಿಲ್ಲ. ಬಿಚ್ಚೋ ಸದ್ದು ಕೇಳೋದು ಬೇಡ ಅನ್ನಿಸ್ತು. ಅದಂತೂ ನಿಜ."

ತಮ್ಮ ಎದ್ದು ಒಳಗೆ ಹೋದ. ಮೆಲ್ಲಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅವನು ಮಂಚದ ಎಡಕ್ಕೆ ಹೋಗಿ ನಿಂತಿದ್ದ. "ಅಪ್ಪ" ಎಂದ. ಫೋರ್‌ಮನ್ ಎಚ್ಚರವಿದ್ದರು. ಗುರುತಾದಂತೆ ಮುಖ ಅಲುಗಿತು. ಕಣ್ಣು ಬಲಕ್ಕೆ ಹೋಯಿತು, ಖಾಲಿ ಗೋಡೆಯನ್ನು, ಸಲೈನಿನ ಕಂಬವನ್ನು, ಮತ್ತೆ ಗೋಡೆಯನ್ನು ಹುಡುಕಿತು. "ಬಂದ್ಯೇನೋ? ಎಲ್ಲಿದೀಯೋ?"

"ಆ ಕಡೆ ಹೋಗೋ" ಎಂದು ಮೆಲ್ಲಕ್ಕ ಸನ್ನೆ ಮಾಡಿದಳು. "ಈ ಕಡೆ ಅವರಿಗೆ ಕಾಣಲ್ಲ."

"ಗೊತ್ತು. ನೀನೇ ಹೇಳಿದ್ದೆಯಲ್ಲ ಫೋನಲ್ಲಿ" ಎಂದ ತಮ್ಮ. ಹೋಗಲಿಲ್ಲ. ಕೈ ಇಲ್ಲದ ಆ ಪಕ್ಕದಲ್ಲಿ, ಬ್ಯಾಂಡೇಜಿನ ಹತ್ತಿರವೇ, ಅಪ್ಪ ಕರೆದು ಸುಸ್ತಾಗಿ ಕಣ್ಣು ಮುಚ್ಚುವವರೆಗೆ ನಿಂತಿದ್ದ. ಹೊರಗೆ ಬಂದಾಗ ಅವನ ಒಂದು ಕಣ್ಣಲ್ಲಿ ನೀರಿತ್ತು. ಇನ್ನೊಂದರಲ್ಲಿ ಬರುವ ಹಾಗಿರಲಿಲ್ಲ.

ಫೋರ್‌ಮನ್ ಆ ವಾರ ದಾಟಲಿಲ್ಲ. ಕಾರ್ಖಾನೆಯ ಹಳಬರು ನಾಲ್ಕಾರು ಜನ ಬಂದಿದ್ದರು. ಫೋರ್‌ಮನ್ ಕಟ್ಟಿಸಿದ ಬಸ್ಸು ಇಪ್ಪತ್ತು ವರ್ಷವಾದರೂ ಕಿರ್ ಎನ್ನುತ್ತಿರಲಿಲ್ಲ ಎಂದು ಹೇಳಿಕೊಂಡು ಅತ್ತರು. ಅದು ನಿಜವೇ ಇರಬೇಕು. ಮನೆಯವರು ಅಳಲಿಲ್ಲ. ನೋಡಿದವರು ಆಘಾತ ಎಂದುಕೊಂಡರು.

ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ಉಕ್ಕಿನ ವಾಚು ಇನ್ನೂ ನಡೆಯುತ್ತಿತ್ತು. ಮೆಲ್ಲಕ್ಕ ಅದನ್ನು ಅಂಗಡಿಯ ರಿಪೇರಿಯವರ ಮೇಜಿನ ಮೇಲಿಟ್ಟಳು. ಅವರು ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿ, "ಮಷೀನು ಗಟ್ಟಿ ಇದೆಯಲ್ಲ! ತೊಳೆದು ಪಾಲಿಶ್ ಮಾಡಿದ್ರೆ ಇನ್ನೊಂದು ತಲೆಮಾರು ಕಟ್ಟಬಹುದು" ಎಂದರು.

"ಬೇಡ. ಬಿಚ್ಚಿ ಬಿಡಿಭಾಗ ಮಾಡ್ಕೊಳ್ಳಿ."

ಅವರು ಅವಳ ಮುಖ ನೋಡಿ, ಹಿಂದಿನ ಮುಚ್ಚಳ ತಿರುಗಿಸಿದರು. ಮುಳ್ಳು ನಿಲ್ಲುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಟೈಟಾನಿಯಂ ವಾಚನ್ನು ತಮ್ಮ ಕೇಳಿ ತೆಗೆದುಕೊಂಡ. ಗೋದಾಮಿನ ಕೊರೆತದಲ್ಲಿ ಉಕ್ಕಿನ ವಾಚು ಮಣಿಕಟ್ಟಿಗೆ ಬರೆ ಎಳೆದಂತೆ ಚಳಿ ಹತ್ತಿಸುತ್ತದೆ, ಇದು ಅಷ್ಟು ಕೊರೆಯುವುದಿಲ್ಲ ಎಂದ. ಅಪ್ಪ ಕಟ್ಟಿದ್ದ ವಾಚನ್ನು ಇವನು ಕಟ್ಟುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ.

"ಇದು ವಾಚೇ ಅಲ್ಲ ಅಂದಿದ್ರಂತಲ್ಲ ಅವರು" ಎಂದ ತಮ್ಮ. "ಹಾಗಾದ್ರೆ ಇದು ಅವರದ್ದಲ್ಲ."

ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋದ. ಮೆಲ್ಲಕ್ಕನಿಗೆ ಕೆಲಸ ಇಲ್ಲೇ, ಅವಳು ಉಳಿದಳು. ಫೋನಿನಲ್ಲಿ ಅಮ್ಮ ನೀರು ಬರುವ ಹೊತ್ತು, ಪಕ್ಕದ ಮನೆಯ ಹೆಂಗಸಿನ ಹಲ್ಲುನೋವು, ಮೆಟ್ಟಿಲಿನ ಬಲ್ಬು ಕೆಟ್ಟದ್ದು ಇಂಥವನ್ನೇ ಹೇಳುತ್ತಿದ್ದಳು. ಆ ವಾರದ ಮಾತು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಆದರೆ ಮೆಲ್ಲಕ್ಕನಿಗೆ ಅದು ಹಲ್ಲಿನ ಸಂದಿನ ನಾರಿನ ಹಾಗೆ ಕಾಡುತ್ತಿತ್ತು. ಹೊಸ ಅಂಗಡಿಗೆ ಹೋಗದೆ ಇದ್ದಿದ್ದರೆ? ವಾಚನ್ನು ಕಪಾಟಿನಲ್ಲಿಡದೆ ಜೊತೆಗೆ ಒಯ್ದಿದ್ದರೆ? ಒಯ್ಯಬೇಕೆಂದು ತನಗೇಕೆ ಹೊಳೆಯಲಿಲ್ಲ?

ಮುಂದಿನ ವರ್ಷ ರಜೆ ಹಾಕಿ ಅವರನ್ನು ನೋಡಲು ಹೋದಳು. ತಮ್ಮನ ಮನೆ ಮೂರನೇ ಮಹಡಿ. ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿರುವಾಗ ಮೇಲಿನಿಂದ ಒಬ್ಬ ಹೆಂಗಸು ನಗುವುದು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ಹಾಗೆ ನಗುತ್ತಿದ್ದಳು. ಪಕ್ಕದ ಮನೆಯವಳಿರಬೇಕು ಎಂದುಕೊಂಡು ಮೆಲ್ಲಕ್ಕ ಹತ್ತಿದಳು. ತಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯವಳು ಏನನ್ನೋ ನಟಿಸಿ ತೋರಿಸುತ್ತಿದ್ದಳು. ಕುರ್ಚಿಯಲ್ಲಿ ಕೂತು ನಗುತ್ತಿದ್ದವಳು ಅಮ್ಮ.

ತನ್ನ ನಲವತ್ತೈದು ವರ್ಷದಲ್ಲಿ ಮೆಲ್ಲಕ್ಕ ಆ ನಗುವನ್ನು ಕೇಳಿರಲಿಲ್ಲ. ಯಾರದ್ದೆಂದು ಗುರುತೇ ಹಿಡಿದಿರಲಿಲ್ಲ.

ಅಮ್ಮ ಅವಳನ್ನು ಕಂಡು, ಕಣ್ಣೊರೆಸಿಕೊಂಡು ಎದ್ದಳು. "ಬಾರೇ, ಯಾಕೆ ಅಲ್ಲೇ ನಿಂತೆ?"

ಮೆಲ್ಲಕ್ಕ ಒಳಗೆ ಬಂದು ಚಪ್ಪಲಿ ಬಿಟ್ಟಳು. ಸಂತೋಷಪಡಬೇಕೆಂದು ಅವಳಿಗೆ ಗೊತ್ತಿತ್ತು, ಆದರೆ ಆ ನಗು ತಾನು ಕಪಾಟಿನಲ್ಲಿಟ್ಟು ಹೋದ ವಾಚನ್ನೇ ನೆನಪಿಸಿತು. ಕೊಟ್ಟ ಚಹಾ ಕುಡಿದಳು, ಪಕ್ಕದ ಮನೆಯವಳ ಹಲ್ಲಿನ ಬಗ್ಗೆ ಕೇಳಿದಳು. ಎರಡು ದಿನ ಇರಲೆಂದು ಬಂದವಳು ಕೆಲಸದ ನೆವ ಹೇಳಿ ಅಂದೇ ಸಂಜೆಯ ಬಸ್ಸು ಹಿಡಿದಳು.